ಕಪ್ಪಗಿರುವುದೆಲ್ಲ ನೆರಳಲ್ಲ

ಇನ್ನೂರು ರೂಪಾಯಿಯ ತಂಪು ಕನ್ನಡಕಕ್ಕೂ ಒಂಬತ್ತು ಸಾವಿರದ ಕನ್ನಡಕಕ್ಕೂ ಇರುವ ಅಂತರವೇನು? ಕಣ್ಣಿಗೆ ಬೇಕಾದುದು ಯಾವುದು, ಕೈಚೀಲಕ್ಕೆ ಭಾರವಾದುದು ಯಾವುದು?

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ಪೇಟೆಯ ಕಾಲುದಾರಿಗಳ ಮೇಲೆ ಕಪ್ಪು ಕನ್ನಡಕಗಳ ಹಲಗೆಗಳು ತಲೆಯೆತ್ತುತ್ತವೆ. ಹಸಿರು, ಕಂದು, ನೀಲಿ, ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣ, ಹೀಗೆ ಬಗೆಬಗೆಯ ಗಾಜುಗಳು ಸಾಲುಗಟ್ಟಿ ದಾರಿಹೋಕರನ್ನು ದಿಟ್ಟಿಸುತ್ತವೆ. ಯಾವುದನ್ನು ಎತ್ತಿಕೊಂಡರೂ ಇನ್ನೂರು ರೂಪಾಯಿ. ಚೌಕಾಸಿ ಬಲ್ಲವರಿಗೆ ನೂರೈವತ್ತು. ಅಲ್ಲಿಂದ ಹತ್ತು ಹೆಜ್ಜೆ ಮುಂದೆ ಹೋದರೆ ಕನ್ನಡಕದ ದೊಡ್ಡ ಅಂಗಡಿ. ಅಲ್ಲಿ ಗಾಜಿನ ಕಪಾಟಿನೊಳಗೆ, ಮಖಮಲ್ಲಿನ ಮೆತ್ತೆಯ ಮೇಲೆ, ಅದೇ ಆಕಾರದ, ಅದೇ ಬಣ್ಣದ ಮತ್ತೊಂದು ಕನ್ನಡಕ. ಅದರ ಕಡ್ಡಿಗೆ ಕಟ್ಟಿದ ಚೀಟಿಯ ಮೇಲೆ ಒಂಬತ್ತು ಸಾವಿರ ರೂಪಾಯಿ.

ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಒಂದು ಸಂಜೆ ಇವೆರಡರ ನಡುವೆ ಒಂದು ಸಂಸಾರ ನಿಂತಿರುವುದನ್ನು ಯಾರು ಬೇಕಾದರೂ ಕಲ್ಪಿಸಿಕೊಳ್ಳಬಹುದು. ಮಗಳಿಗೆ ಹೊಸದಾಗಿ ಕೆಲಸ ಸಿಕ್ಕಿದೆ. ದಿನವೂ ಸ್ಕೂಟರಿನಲ್ಲಿ ಹೋಗಿಬರಬೇಕು.

"ಕೊಳ್ಳುವುದಾದರೆ ಒಳ್ಳೆಯದನ್ನೇ ಕೊಳ್ಳೋಣ ಅಪ್ಪಾ, ಕಣ್ಣಿನ ವಿಷಯ" ಎನ್ನುತ್ತಾಳೆ ಅವಳು.

"ಒಂದು ಕಪ್ಪು ಗಾಜಿಗೆ ಒಂಬತ್ತು ಸಾವಿರವೇನಮ್ಮಾ? ಅದಕ್ಕೆ ತಿಂಗಳ ದಿನಸಿ ಬರುತ್ತದೆ. ಇಲ್ಲೂ ಕಪ್ಪೇ, ಅಲ್ಲೂ ಕಪ್ಪೇ" ಎನ್ನುತ್ತಾರೆ ತಂದೆ.

ಹತ್ತು ವರ್ಷದ ತಮ್ಮನಿಗೆ ಈ ಚರ್ಚೆ ಬೇಕಿಲ್ಲ. ಜಾತ್ರೆಯಲ್ಲಿ ಕೊಂಡ ನೀಲಿ ಗಾಜಿನ ಕನ್ನಡಕ ಅವನ ಮೂಗಿನ ಮೇಲಿದೆ. ರಜೆ ಬಂತೆಂದರೆ ಬಯಲಿನಲ್ಲಿ ಕ್ರಿಕೆಟ್ ಆಡುವಾಗಲೂ ಅದು ಇಳಿಯುವುದಿಲ್ಲ. ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜಿ, "ನಮ್ಮ ಕಾಲದಲ್ಲಿ ಕೊಡೆಯೊಂದೇ ಇದ್ದದ್ದು" ಎಂದು ಮಾತು ಮುಗಿಸುತ್ತಾರೆ.

ಇವರಲ್ಲಿ ಯಾರ ಮಾತು ಸರಿ? ಉತ್ತರ ಬೇಕಾದರೆ ಕನ್ನಡಕವನ್ನು ಒತ್ತಟ್ಟಿಗಿಟ್ಟು ಮೊದಲು ಬಿಸಿಲನ್ನೇ ವಿಚಾರಿಸಬೇಕು.

ಕಾಣದ ಬೆಳಕು

ಸೂರ್ಯನಿಂದ ಬರುವ ಬೆಳಕೆಲ್ಲವೂ ಕಣ್ಣಿಗೆ ಕಾಣುವುದಿಲ್ಲ. ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗೆ, ಕಣ್ಣಿಗೆ ಗೋಚರವಾಗದ ನೇರಳಾತೀತ ಕಿರಣಗಳಿವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಈ ಅಳತೆಯಲ್ಲಿ ಸುಮಾರು ೪೦೦ಕ್ಕಿಂತ ಕಡಮೆ ಅಲೆಯುದ್ದದ ಕಿರಣಗಳೇ ನೇರಳಾತೀತ. ೩೧೫ರಿಂದ ೪೦೦ರವರೆಗಿನವನ್ನು 'ಎ' ಎಂದೂ, ೨೮೦ರಿಂದ ೩೧೫ರವರೆಗಿನವನ್ನು 'ಬಿ' ಎಂದೂ ಕರೆಯುತ್ತಾರೆ. ಇವಕ್ಕಿಂತಲೂ ಉಗ್ರವಾದ 'ಸಿ' ಕಿರಣಗಳನ್ನು ವಾಯುಮಂಡಲವೇ ತಡೆದುಬಿಡುತ್ತದೆ.

ಕಣ್ಣಿನ ಮುಂಭಾಗದ ಪಾರಪಟಲ, ಅದರ ಹಿಂದಿನ ಮಸೂರ, ಇವೆರಡೂ ಈ ಕಿರಣಗಳನ್ನು ಬಹುಮಟ್ಟಿಗೆ ಹೀರಿಕೊಂಡು ಒಳಗಿನ ಅಕ್ಷಿಪಟಲವನ್ನು ಕಾಪಾಡುತ್ತವೆ. ಆದರೆ ಕಾವಲುಗಾರನ ಮೈಮೇಲೇ ಪೆಟ್ಟು ಬೀಳುವುದಲ್ಲವೆ? ಕೆಲವೇ ಗಂಟೆಗಳ ಉಗ್ರ ಪ್ರಕಾಶದಿಂದ ಪಾರಪಟಲ ಸುಟ್ಟಂತಾಗಿ ಕಣ್ಣು ಕೆಂಪೇರಿ ಉರಿಯುತ್ತದೆ. ಹಿಮದ ಮೇಲೆ ನಡೆಯುವವರಿಗೆ ಬರುವ ಹಿಮಗುರುಡು ಇದೇ. ಹೊಸ ಹಿಮವು ನೇರಳಾತೀತ ಕಿರಣಗಳನ್ನು ಶೇಕಡ ೮೦ರವರೆಗೆ ಮೇಲಕ್ಕೆ ಎರಚಬಲ್ಲದು. ವರ್ಷಾನುಗಟ್ಟಲೆ ಬಿಸಿಲು ಬಿದ್ದಾಗ ಕಾಣುವ ಹಾನಿ ಬೇರೆ ಬಗೆಯದು. ಹೊಲದಲ್ಲಿ, ಕಡಲತೀರದಲ್ಲಿ ದುಡಿಯುವವರ ಕಣ್ಣಿನ ಬಿಳಿಯ ಭಾಗದಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸದ ತೆಳು ಪದರವೊಂದು ಬೆಳೆಯುವುದುಂಟು. ಮಸೂರವೇ ಮಬ್ಬಾಗಿ ಪೊರೆ ಕಟ್ಟುವುದಕ್ಕೂ ಬಿಸಿಲು ತನ್ನ ಪಾಲು ಸಲ್ಲಿಸುತ್ತದೆ.

ಕಣ್ಣಿನ ಪೊರೆಯೆಂದರೇನೆಂಬುದನ್ನು ಕನ್ನಡ ನಾಡಿಗೆ ಹೇಳಿಕೊಡಬೇಕಾಗಿಲ್ಲ. ಊರೂರಿಗೆ ಹೋಗಿ ಶಿಬಿರ ಹೂಡಿ, ಸಾಲುಸಾಲಾಗಿ ಮಲಗಿದ ರೋಗಿಗಳ ಪೊರೆ ತೆಗೆದ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರು ಹಳೆಯ ತಲೆಮಾರಿನವರ ಬಾಯಲ್ಲಿ ಇಂದಿಗೂ ಇದೆ. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. ಪೊರೆಗೆ ವಯಸ್ಸೇ ಮುಖ್ಯ ಕಾರಣ. ಮಧುಮೇಹ, ಧೂಮಪಾನಗಳೂ ಸೇರುತ್ತವೆ. ಆದರೆ ಪೊರೆಯಿಂದ ದೃಷ್ಟಿ ಕಳೆದುಕೊಂಡವರಲ್ಲಿ ಶೇಕಡ ೧೦ರಷ್ಟು ಮಂದಿಯವರೆಗೆ ನೇರಳಾತೀತ ಕಿರಣಗಳು ಕಾರಣವಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹತ್ತರಲ್ಲಿ ಒಬ್ಬರೆಂದರೆ ಸಣ್ಣ ಸಂಖ್ಯೆಯಲ್ಲ.

ಬೆಂಗಳೂರಿನವರಿಗೆ ಇಲ್ಲೊಂದು ಭ್ರಮೆಯುಂಟು: ಹವೆ ತಂಪಾಗಿದ್ದರೆ ಬಿಸಿಲೂ ಸಾಧುವೆಂದು. ನೇರಳಾತೀತ ಕಿರಣಕ್ಕೆ ಬಿಸಿಯಿಲ್ಲ. ಅದು ಬಿದ್ದುದು ಮೈಗೆ ತಿಳಿಯುವುದಿಲ್ಲ. ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ ೧೦೦೦ ಮೀಟರಿಗೆ ಅದು ಸುಮಾರು ಶೇಕಡ ೧೦ರಷ್ಟು ಹೆಚ್ಚುತ್ತದೆ. ಬೆಂಗಳೂರು ಇರುವುದು ೯೦೦ ಮೀಟರಿಗೂ ಎತ್ತರದಲ್ಲಿ. ಮೇಲಾಗಿ ಬೇಸಗೆಯಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಈ ಕಿರಣಗಳ ಅಂತರರಾಷ್ಟ್ರೀಯ ಸೂಚ್ಯಂಕದಲ್ಲಿ ೧೧ ಮತ್ತು ಅದಕ್ಕೆ ಮೇಲ್ಪಟ್ಟುದನ್ನು 'ವಿಪರೀತ' ಎಂದು ಎಣಿಸುತ್ತಾರೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಈ ಊರಿನ ಬಿಸಿಲು ಆ ಗೆರೆಯನ್ನು ದಾಟುವುದು ಅಪರೂಪವೇನಲ್ಲ.

ಕಪ್ಪಿನ ಮೋಸ

ಈಗ ಕನ್ನಡಕಕ್ಕೆ ಬರಬಹುದು. ಗಾಜು ಕಪ್ಪಾದಷ್ಟೂ ರಕ್ಷಣೆ ಹೆಚ್ಚೆಂದು ನಂಬಿದವರೇ ಬಹಳ. ಕಪ್ಪು ಬಣ್ಣ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಕಾಣದ ಕಿರಣವನ್ನು ತಡೆಯುವುದು ಗಾಜಿನ ದ್ರವ್ಯ. ಇವೆರಡಕ್ಕೂ ನಂಟು ಇರಲೇಬೇಕೆಂದಿಲ್ಲ.

ಇಷ್ಟೇ ಆಗಿದ್ದರೆ 'ಉಪಯೋಗವಿಲ್ಲದಿದ್ದರೂ ಕೇಡಿಲ್ಲ' ಎಂದು ಸುಮ್ಮನಿರಬಹುದಾಗಿತ್ತು. ಆದರೆ ಕಣ್ಣಿನ ಪಾಪೆಯ ಸ್ವಭಾವವೇ ಬೇರೆ. ಬಿರುಬಿಸಿಲಿನಲ್ಲಿ ಅದು ಸುಮಾರು ೨ ಮಿಲಿಮೀಟರಿಗೆ ಕುಗ್ಗುತ್ತದೆ. ಕತ್ತಲೆಯಲ್ಲಿ ೭-೮ ಮಿಲಿಮೀಟರಿನವರೆಗೆ ಹಿಗ್ಗಬಲ್ಲದು. ಕಪ್ಪು ಗಾಜು ಮುಂದೆ ಬಂದೊಡನೆ ಕತ್ತಲಾಯಿತೆಂದು ಬಗೆದು ಪಾಪೆ ಅರಳುತ್ತದೆ. ೨ ಮಿಲಿಮೀಟರಿನ ಕಿಂಡಿ ೪ ಮಿಲಿಮೀಟರಾದರೆ ಅದರ ವಿಸ್ತಾರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಗಾಜು ಬರಿಯ ಕಪ್ಪಾಗಿದ್ದು ನೇರಳಾತೀತವನ್ನು ಒಳಗೆ ಬಿಡುವಂಥದಾದರೆ, ತೆರೆದ ಬಾಗಿಲಿನಲ್ಲಿ ಕಳ್ಳನನ್ನು ಕರೆದಂತೆಯೇ ಸರಿ. ಕಣ್ಣು ಕಿರಿದುಮಾಡಿ, ಹುಬ್ಬು ಗಂಟಿಕ್ಕಿ ಬಿಸಿಲಿನಲ್ಲಿ ನಡೆಯುವುದೇ ಅದಕ್ಕಿಂತ ವಾಸಿ. ಬೆಳ್ಳಗಿರುವುದೆಲ್ಲ ಹಾಲಲ್ಲವೆನ್ನುತ್ತದೆ ಗಾದೆ; ಕಪ್ಪಗಿರುವುದೆಲ್ಲ ನೆರಳಲ್ಲವೆಂದು ಅದಕ್ಕೆ ಸೇರಿಸಬೇಕು.

ಈ ಅಪಾಯ ಮಕ್ಕಳಿಗೆ ಇನ್ನೂ ಹೆಚ್ಚು. ಎಳೆಯ ಕಣ್ಣಿನ ಮಸೂರ ತಿಳಿಯಾಗಿರುವುದರಿಂದ ದೊಡ್ಡವರಲ್ಲಿ ಅಲ್ಲೇ ನಿಲ್ಲುವ ಕಿರಣ ಮಕ್ಕಳಲ್ಲಿ ಅಕ್ಷಿಪಟಲದವರೆಗೆ ಇಳಿಯುತ್ತದೆ. ಆಟದ ಸಾಮಾನಿನಂತೆ ಮಾರುವ ಬಣ್ಣದ ಕನ್ನಡಕವನ್ನು ಮಗು ಗಳಿಗೆಹೊತ್ತು ಹಾಕಿ ತೆಗೆದರೆ ಚಿಂತೆಯಿಲ್ಲ. ದಿನವಿಡೀ ಹಾಕಿಕೊಂಡು ಬಯಲಿನಲ್ಲಿ ಆಡಿದರೆ ಯೋಚಿಸಬೇಕಾದುದೇ.

ಕ್ರೂಕ್ಸ್ ಮಾಡಿದ ಗಾಜು

ರಕ್ಷಣೆ ಬೇರೆ, ಕಪ್ಪು ಬೇರೆ ಎಂಬುದು ಹೊಸ ಶೋಧನೆಯೇನೂ ಅಲ್ಲ. ಇಂಗ್ಲೆಂಡಿನ ಗಾಜಿನ ಕಾರ್ಖಾನೆಗಳಲ್ಲಿ ಕುಲುಮೆಯ ಮುಂದೆ ದುಡಿಯುವವರಿಗೆ ಅಕಾಲದಲ್ಲಿ ಕಣ್ಣಿನ ಪೊರೆ ಬರುತ್ತಿತ್ತು. ಇದಕ್ಕೆ ಪರಿಹಾರ ಹುಡುಕುವ ಕೆಲಸವನ್ನು ಹಿರಿಯ ವಿಜ್ಞಾನಿ ಸರ್ ವಿಲಿಯಂ ಕ್ರೂಕ್ಸ್ ಕೈಗೆತ್ತಿಕೊಂಡರು. ೧೮೬೧ರಲ್ಲಿ ಥ್ಯಾಲಿಯಂ ಎಂಬ ಮೂಲಧಾತುವನ್ನು ಕಂಡುಹಿಡಿದವರು ಇವರೇ. ಬಗೆಬಗೆಯ ಲೋಹಗಳ ಆಕ್ಸೈಡುಗಳನ್ನು ಗಾಜಿನಲ್ಲಿ ಬೆರೆಸಿ ಒಂದೊಂದನ್ನೂ ಪರೀಕ್ಷಿಸಿ, ೧೯೧೩ರಲ್ಲಿ ಅವರು ತಮ್ಮ ಫಲಿತಾಂಶಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟರು. ಸೀರಿಯಂ ಎಂಬ ಧಾತುವಿನ ಆಕ್ಸೈಡು ಬೆರೆತ ಗಾಜು ನೇರಳಾತೀತವನ್ನು ಚೆನ್ನಾಗಿ ಹೀರುತ್ತದೆ. ಆ ಗಾಜು ಕಪ್ಪಾಗಿರಬೇಕೆಂಬ ನಿಯಮವೇನೂ ಇರಲಿಲ್ಲ. ಬಹುಮಟ್ಟಿಗೆ ತಿಳಿಯಾಗಿಯೇ ಇರಬಹುದಾಗಿತ್ತು. 'ಕ್ರೂಕ್ಸ್ ಗಾಜು' ಎಂಬ ಹೆಸರು ಭಾರತದ ಶಾಲಾ ಪುಸ್ತಕಗಳಲ್ಲಿಯೂ ಸೇರಿಹೋಗಿದೆ.

ಇಂದಿನ ಕನ್ನಡಕಗಳಲ್ಲಿ ಗಾಜಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು, ಹಾಗೂ ಅಗ್ಗದ ಕನ್ನಡಕದ ಅದೃಷ್ಟವಿರುವುದೂ ಇಲ್ಲಿಯೇ. ೧೯೫೩ರಲ್ಲಿ ಜರ್ಮನಿಯ ಬಾಯರ್ ಕಂಪೆನಿಯಲ್ಲಿ ಹರ್ಮನ್ ಶ್ನೆಲ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್, ಯಾವ ಲೇಪವೂ ಇಲ್ಲದೆ, ತನ್ನ ಗುಣದಿಂದಲೇ ನೇರಳಾತೀತವನ್ನು ಹೆಚ್ಚುಕಡಮೆ ಪೂರ್ತಿಯಾಗಿ ತಡೆಯುತ್ತದೆ. ಉಳಿದ ಪ್ಲಾಸ್ಟಿಕ್ಕುಗಳಿಗೆ ತಡೆಯುವ ದ್ರವ್ಯವನ್ನು ಬೆರೆಸಬೇಕು. ಅದಕ್ಕೆ ತಗಲುವ ವೆಚ್ಚವೂ ಅಲ್ಪವೇ. ಆದ್ದರಿಂದ ಪಾಲಿಕಾರ್ಬೊನೇಟಿನ ಅಗ್ಗದ ಕನ್ನಡಕ ದುಬಾರಿಯದರಷ್ಟೇ ಕಣ್ಣು ಕಾಯಬಲ್ಲದು. ತೊಂದರೆಯೆಂದರೆ, ಹಲಗೆಯ ಮೇಲಿನದು ಪಾಲಿಕಾರ್ಬೊನೇಟೋ, ಏನೂ ಬೆರೆಸದ ಅಕ್ರಿಲಿಕ್ಕೋ ಎಂಬುದು ಕಣ್ಣಿಗೆ ಕಾಣದು. ಬೆಲೆಯೂ ಅದನ್ನು ಹೇಳದು.

ಹೆಸರಿಗೆ ತೆರುವ ಹಣ

ಹಾಗಾದರೆ ಉಳಿದ ಸಾವಿರಾರು ರೂಪಾಯಿ ಯಾವುದಕ್ಕೆ?

ತಂಪು ಕನ್ನಡಕ ಹುಟ್ಟಿನಿಂದ ಶ್ರೀಮಂತರ ವಸ್ತುವಲ್ಲ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಕಡಲತೀರದಲ್ಲಿ ೧೯೨೯ರಲ್ಲಿ ಸ್ಯಾಮ್ ಫಾಸ್ಟರ್ ಎಂಬಾತ ಅಗ್ಗದ ಬಿಸಿಲು ಕನ್ನಡಕಗಳ ಮಾರಾಟ ತೊಡಗಿದ ಮೇಲೆಯೇ ಅದು ಜನಸಾಮಾನ್ಯರ ಮೂಗಿಗೇರಿದ್ದು. ವಿಮಾನ ಚಾಲಕರಿಗೆಂದು ಬಾಷ್ ಅಂಡ್ ಲೋಂಬ್ ಕಂಪೆನಿಯವರು ರೂಪಿಸಿದ ಹಸಿರು ಗಾಜಿನ ಕನ್ನಡಕ ೧೯೩೭ರಲ್ಲಿ 'ರೇಬಾನ್' ಹೆಸರಿನಿಂದ ಪೇಟೆಗೆ ಬಂತು. ಯುದ್ಧದ ಸೇನಾನಿಗಳು, ಚಲಚ್ಚಿತ್ರದ ನಟರು ಅದನ್ನು ಧರಿಸಿದರು. ಕಣ್ಣಿನ ಸಾಧನ ಮುಖದ ಅಲಂಕಾರವಾಯಿತು.

ಅಲ್ಲಿಂದಾಚೆಗಿನ ಕಥೆ ಇಟಲಿಯದು. ಬಡತನದಿಂದಾಗಿ ಮಿಲಾನಿನ ಅನಾಥಾಲಯದಲ್ಲಿ ಬೆಳೆದ ಲಿಯೊನಾರ್ಡೊ ಡೆಲ್ ವೆಕ್ಕಿಯೊ ಎಂಬಾತ ೧೯೬೧ರಲ್ಲಿ ಅಗೊರ್ಡೊ ಎಂಬ ಬೆಟ್ಟದೂರಿನಲ್ಲಿ ಲಕ್ಸೋಟಿಕಾ ಎಂಬ ಕಾರ್ಖಾನೆ ತೆರೆದರು. ಕನ್ನಡಕದ ಬಿಡಿಭಾಗಗಳಿಂದ ಆರಂಭಿಸಿದ ಆ ಸಂಸ್ಥೆ ೧೯೯೯ರಲ್ಲಿ ರೇಬಾನನ್ನೂ, ೨೦೦೭ರಲ್ಲಿ ಓಕ್ಲಿಯನ್ನೂ ಕೊಂಡಿತು. ೨೦೧೮ರಲ್ಲಿ ಫ್ರಾನ್ಸಿನ ಮಸೂರ ತಯಾರಕ ಎಸ್ಸಿಲಾರ್ ಸಂಸ್ಥೆಯೊಡನೆ ಒಂದಾಯಿತು. ಪ್ರಾಡಾ, ಶನೆಲ್, ವರ್ಸಾಚೆ, ಅರ್ಮಾನಿ ಮುಂತಾದ ಉಡುಪಿನ ಮನೆತನಗಳ ಹೆಸರಿನ ಕನ್ನಡಕಗಳನ್ನು ಪರವಾನಗಿ ಪಡೆದು ತಯಾರಿಸುವುದೂ ಇದೇ ಸಂಸ್ಥೆ. ಅಂದರೆ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತು ಪರಸ್ಪರ ಸ್ಪರ್ಧಿಸುವಂತೆ ಕಾಣುವ ಹೆಸರುಗಳು ಎಷ್ಟೋ ವೇಳೆ ಒಂದೇ ಮನೆಯ ಮಕ್ಕಳು. ಕಡ್ಡಿಯ ಮೇಲಿನ ಅಕ್ಷರಕ್ಕೆ ಹಣ ತೆರಬಾರದೆಂದೇನೂ ಇಲ್ಲ. ರೇಷ್ಮೆ ಸೀರೆಯ ಅಂಚಿಗೂ ತೆರುವುದುಂಟಷ್ಟೆ. ಆದರೆ ಅದು ಅಲಂಕಾರದ ಲೆಕ್ಕಕ್ಕೆ ಸೇರಬೇಕು, ಆರೋಗ್ಯದ ಲೆಕ್ಕಕ್ಕಲ್ಲ.

ಹಣಕ್ಕೆ ತಕ್ಕ ಗುಣ

ಎಲ್ಲವೂ ಹೆಸರಿನ ಮಹಿಮೆಯೆಂದು ತಳ್ಳಿಹಾಕಿದರೂ ಅನ್ಯಾಯವೇ. ಇನ್ನೂರು ರೂಪಾಯಿಯ ಕನ್ನಡಕದಲ್ಲಿ ಸಾಮಾನ್ಯವಾಗಿ ಸಿಗದ ಕೆಲವು ಗುಣಗಳುಂಟು.

ಮೊದಲನೆಯದು ನೋಟದ ನೇರ. ಅಚ್ಚಿನಲ್ಲಿ ಆತುರದಿಂದ ಒತ್ತಿ ತೆಗೆದ ಗಾಜು ಅಲೆಅಲೆಯಾಗಿರುತ್ತದೆ. ಅದರ ಮೂಲಕ ಗಂಟೆಗಟ್ಟಲೆ ನೋಡಿದರೆ ತಲೆ ನೋಯುತ್ತದೆ. ವಾಹನ ನಡೆಸುವವರಿಗೆ ಅದು ಬರಿಯ ತಲೆನೋವಿನಲ್ಲಿ ಮುಗಿಯದಿರಬಹುದು. ಎರಡನೆಯದು ಬಾಳಿಕೆ: ಗೀಚು ಬೀಳದ ಲೇಪ, ಸಡಿಲವಾಗದ ಕೀಲು, ಮೂಗನ್ನು ಒತ್ತದ ಚೌಕಟ್ಟು. ಮೂರನೆಯದು ಝಳಪು ಕಳೆಯುವ ಪೋಲರಾಯ್ಡ್ ಗಾಜು. ಅಮೆರಿಕದ ಎಡ್ವಿನ್ ಲ್ಯಾಂಡ್ ೧೯೨೯ರ ಹೊತ್ತಿಗೆ ಕಂಡುಹಿಡಿದ ಈ ಹಾಳೆ, ಒದ್ದೆ ರಸ್ತೆ, ನೀರು, ಕಾರಿನ ಮೂತಿಗಳಿಂದ ಪ್ರತಿಫಲಿಸಿ ಬರುವ ಕೋರೈಸುವ ಬೆಳಕನ್ನು ಸೋಸಿಬಿಡುತ್ತದೆ. ಹೆದ್ದಾರಿಯಲ್ಲಿ ಕಾರು ನಡೆಸುವವರಿಗೆ, ಕಡಲಿಗಿಳಿಯುವವರಿಗೆ ಅದು ನಿಜವಾದ ಉಪಕಾರ. ಆದರೆ ಪೋಲರಾಯ್ಡ್ ಆದಮಾತ್ರಕ್ಕೆ ನೇರಳಾತೀತ ನಿಲ್ಲುವುದೆಂದು ತಿಳಿಯಬಾರದು. ಮೊಬೈಲಿನ, ವಾಹನದ ಪರದೆಗಳು ಅದರಲ್ಲಿ ಕೆಲವು ಕೋನಗಳಿಂದ ಕಪ್ಪಾಗಿ ಕಾಣುವುದೂ ಉಂಟು.

ಈ ಗುಣಗಳಿಗೆ ಇನ್ನೂರು ರೂಪಾಯಿ ಸಾಲದು ನಿಜ. ಆದರೆ ಒಂಬತ್ತು ಸಾವಿರವೂ ಬೇಡ. ಹೆಸರಿನ ಹಂಗು ತೊರೆದರೆ ಒಂದೆರಡು ಸಾವಿರದೊಳಗೆ ಇವೆಲ್ಲವೂ ದೊರೆಯುತ್ತವೆ. ಅದಕ್ಕೂ ಮೇಲೆ ತೆತ್ತ ಹಣಕ್ಕೆ ಕಣ್ಣು ಋಣಿಯಲ್ಲ.

ಒಂದು ಸಂದರ್ಭದಲ್ಲಂತೂ ಅಗ್ಗದ್ದೂ ದುಬಾರಿಯದೂ ಸರಿಸಮ. ಉತ್ತರ ಕರ್ನಾಟಕದ ಮೇಲೆ ಹಾದುಹೋದ ೧೯೮೦ರ ಫೆಬ್ರವರಿ ೧೬ರ ಪೂರ್ಣ ಗ್ರಹಣವನ್ನೂ, ಮಂಗಳೂರು, ಕೊಡಗುಗಳಲ್ಲಿ ಕಂಡ ೨೦೧೯ರ ಡಿಸೆಂಬರ್ ೨೬ರ ಕಂಕಣ ಗ್ರಹಣವನ್ನೂ ಬಲ್ಲವರು ನೆನಪಿಡಬೇಕಾದ ಮಾತಿದು: ಸೂರ್ಯನನ್ನು ನೇರವಾಗಿ ನೋಡಲು ಯಾವ ತಂಪು ಕನ್ನಡಕವೂ ತಕ್ಕುದಲ್ಲ. ಗ್ರಹಣಕ್ಕೆಂದೇ ತಯಾರಿಸಿದ ಕನ್ನಡಕ ಬೇರೆ. ಅದರ ಕೆಲಸವನ್ನು ಲಕ್ಷ ರೂಪಾಯಿಯ ಕಪ್ಪು ಗಾಜೂ ಮಾಡಲಾರದು.

ಕೊಳ್ಳುವವರಿಗೆ ನಾಲ್ಕು ಮಾತು

ಕೊಳ್ಳುವಾಗ ಮೊದಲು ನೋಡಬೇಕಾದುದು 'ಯುವಿ ೪೦೦' ಎಂಬ ಗುರುತು. ೪೦೦ ನ್ಯಾನೋಮೀಟರಿನವರೆಗಿನ ಕಿರಣಗಳನ್ನು ತಡೆಯುತ್ತದೆಂದು ಇದರ ಅರ್ಥ. ಆದರೆ ಚೀಟಿ ಅಂಟಿಸುವುದು ಯಾರಿಗೂ ಕಷ್ಟವಲ್ಲ. ಆದ್ದರಿಂದ ಅಳೆಯುವ ಯಂತ್ರವಿರುವ ಕನ್ನಡಕದಂಗಡಿಯಲ್ಲಿ ಪರೀಕ್ಷಿಸಿ ನೋಡುವುದೇ ಲೇಸು. ಎರಡು ನಿಮಿಷದ ಕೆಲಸ. ಖೋಟಾ ನೋಟು ಹಿಡಿಯುವ ನೇರಳೆ ದೀಪವಿದ್ದಲ್ಲಿ, ಅದರ ಬೆಳಕನ್ನು ಕನ್ನಡಕದ ಗಾಜಿನ ಮೂಲಕ ನೋಟಿನ ಮೇಲೆ ಬಿಟ್ಟು ನೋಡಬಹುದು. ನೋಟಿನ ಅಂಕಿಗಳು ಹೊಳೆಯದಿದ್ದರೆ ಗಾಜು ಕಿರಣವನ್ನು ತಡೆಯುತ್ತಿದೆಯೆಂದು ಊಹಿಸಬಹುದು. ಇದು ಸೂಚನೆ ಮಾತ್ರ, ಪ್ರಮಾಣವಲ್ಲ.

ಎರಡನೆಯದು ಕಪ್ಪಿನ ಅಳತೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ೦ಯಿಂದ ೪ರವರೆಗೆ ಐದು ದರ್ಜೆಗಳಿವೆ. ಮೂರನೆಯ ದರ್ಜೆ ಬೆಳಕಿನ ಶೇಕಡ ೮ರಿಂದ ೧೮ರಷ್ಟನ್ನು ಮಾತ್ರ ಒಳಬಿಡುತ್ತದೆ. ನಮ್ಮ ಬಿಸಿಲಿಗೆ ಅದು ಸಾಕು. ನಾಲ್ಕನೆಯದು ಹಿಮಪರ್ವತಗಳಿಗೆ, ಅದನ್ನು ಹಾಕಿ ವಾಹನ ನಡೆಸಕೂಡದು.

ಮೂರನೆಯದು ನೇರದ ಪರೀಕ್ಷೆ. ಕನ್ನಡಕವನ್ನು ಕೈಯಳತೆಯ ದೂರದಲ್ಲಿ ಹಿಡಿದು, ಬಾಗಿಲ ಚೌಕಟ್ಟನ್ನೋ ಕಿಟಕಿಯ ಸರಳನ್ನೋ ನೋಡುತ್ತ ನಿಧಾನವಾಗಿ ಆಡಿಸಬೇಕು. ಗೆರೆ ಹಾವಿನಂತೆ ಹೊರಳಿದರೆ ಆ ಗಾಜು ಬೇಡ.

ನಾಲ್ಕನೆಯದು ಬಣ್ಣ ಮತ್ತು ಗಾತ್ರ. ಬೂದು, ಕಂದು, ಕಡುಹಸಿರು ಬಣ್ಣಗಳಲ್ಲಿ ರಸ್ತೆಯ ಸಂಕೇತದೀಪಗಳು ತಮ್ಮ ಬಣ್ಣ ಕೆಡದೆ ಕಾಣುತ್ತವೆ. ನೀಲಿ, ಗುಲಾಬಿಗಳಲ್ಲಿ ಆ ಭರವಸೆಯಿಲ್ಲ. ಗಾಜು ಚಿಕ್ಕದಾದರೆ ಪಕ್ಕದಿಂದ, ಮೇಲಿನಿಂದ ಬೆಳಕು ನುಸುಳುತ್ತದೆ. ನಡುಹಗಲಿನಲ್ಲಿ ಹುಬ್ಬೇ ಕಣ್ಣಿಗೆ ಮಾಡು. ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ ಓರೆಯಾಗಿ ಬರುವ ಬಿಸಿಲು ನೇರವಾಗಿ ಕಣ್ಣಿಗೇ ಇಳಿಯುತ್ತದೆ. ಕಚೇರಿಗೆ ಹೋಗಿಬರುವ ಹೊತ್ತೂ ಅದೇ. ಕೊಡೆ, ಅಂಚುಳ್ಳ ಟೋಪಿಗಳನ್ನು ಹಳೆಯದೆಂದು ಹಳಿಯುವಂತಿಲ್ಲ. ಕನ್ನಡಕದ ಜೊತೆಗೆ ಅವೂ ಇರಬೇಕು.

ಓದುವ ಅಥವಾ ದೂರದೃಷ್ಟಿಯ ಕನ್ನಡಕ ಈಗಾಗಲೇ ಇರುವವರು ಅದನ್ನೇ ಮೊದಲು ಪರೀಕ್ಷಿಸಿಕೊಳ್ಳಲಿ. ಪಾಲಿಕಾರ್ಬೊನೇಟಿನ ತಿಳಿಗಾಜೂ ನೇರಳಾತೀತವನ್ನು ತಡೆಯುವುದರಿಂದ ಎಷ್ಟೋ ಮಂದಿಗೆ ರಕ್ಷಣೆ ಮೂಗಿನ ಮೇಲೆಯೇ ಇರುತ್ತದೆ.

ಸಂಜೆಯ ಆ ಸಂಸಾರ ಅಂಗಡಿಯೊಳಗೆ ಹೋಗಿ ಅಳೆಯುವ ಯಂತ್ರದ ಮುಂದೆ ನಿಂತರೆ ಏನಾದೀತು? ಮಗಳು ಹೊರಗಿನ ಹಲಗೆಯಿಂದ ಕೊಂಡು ತಂದ ಇನ್ನೂರು ರೂಪಾಯಿಯದು ಯಂತ್ರದ ಪರೀಕ್ಷೆಯಲ್ಲಿ ಗೆದ್ದುಬಿಡಬಹುದು. ಆದರೆ ಅದರೊಳಗಿನಿಂದ ನೋಡಿದಾಗ ಬಾಗಿಲ ಚೌಕಟ್ಟು ಬಳುಕಿದರೆ, ಸ್ಕೂಟರಿಗೆ ಅದು ಆಗದು. ಹೆಸರಿಲ್ಲದ, ಗುಣವಿರುವ, ಸಾವಿರದ ಇನ್ನೂರರ ಇನ್ನೊಂದು ಸಾಕಾದೀತು. ಒಂಬತ್ತು ಸಾವಿರದ್ದು ಮಖಮಲ್ಲಿನ ಮೇಲೆಯೇ ಉಳಿದೀತು. ಅಪ್ಪನ ಮಾತು ಅರ್ಧ ಸರಿ, ಮಗಳ ಮಾತು ಅರ್ಧ ಸರಿ.

ಅಷ್ಟರಲ್ಲಿ ಅಜ್ಜಿ ಮೊಮ್ಮಗನ ಮೂಗಿನಿಂದ ನೀಲಿ ಕನ್ನಡಕವನ್ನು ಮೆಲ್ಲನೆ ತೆಗೆದು ಅಂಗಡಿಯವನ ಕೈಗೆ ಕೊಟ್ಟು, "ಇದನ್ನೂ ಒಂದಿಷ್ಟು ನೋಡಪ್ಪ" ಎಂದರೆ, ಆ ಸಂಜೆಯ ನಿಜವಾದ ಉಪಯೋಗ ಅದೇ ಆದೀತು. ಏಕೆಂದರೆ ಆ ಮನೆಯಲ್ಲಿ ಬಿಸಿಲಿನ ಎದುರು ಇನ್ನೂ ಎಪ್ಪತ್ತು ವರ್ಷ ತೆರೆದಿರಬೇಕಾದ ಕಣ್ಣು ಅವನದೇ.